ದಾವಣಗೆರೆಯ ದುಡಿಮೆ, ಹವೆ, ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಗೆ ವರ್ಗವಾದವರು, ಮಕ್ಕಳನ್ನು ಇಲ್ಲಿನ ಕಾಲೇಜಿಗೆ ಸೇರಿಸಬೇಕು ಅಂದುಕೊಂಡವರು, ಇಲ್ಲೊಂದು ಅಂಗಡಿ ಹಾಕೋಣವಾ ಅಂತ ಯೋಚಿಸುವವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಈ ಊರಿನವರಾಗಿ ನಮಗೆ ಗೊತ್ತಿರುವುದನ್ನು ಇಲ್ಲಿ ಬರೆದಿದ್ದೇವೆ. ಹೊಗಳಿಕೆ ಬೇಕಾದಷ್ಟು ಸಿಗುತ್ತದೆ. ಹೊಸದಾಗಿ ಬರುವವರಿಗೆ ಕಷ್ಟಗಳೂ ಗೊತ್ತಿರಬೇಕು, ಅಲ್ವಾ?

ದಾವಣಗೆರೆ ಎಲ್ಲಿದೆ? ಎಷ್ಟು ದೊಡ್ಡ ಊರು?

ಕರ್ನಾಟಕದ ನಟ್ಟನಡುವೆ ಇದೆ. ಬೆಂಗಳೂರಿನಿಂದ ಸುಮಾರು 260 ಕಿಲೋಮೀಟರ್. ಪುಣೆ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಊರಿನ ಪಕ್ಕದಲ್ಲೇ ಹೋಗುತ್ತದೆ. 2011ರ ಜನಗಣತಿಯಲ್ಲೇ ನಗರದ ಜನಸಂಖ್ಯೆ 4.3 ಲಕ್ಷ ದಾಟಿತ್ತು. 2007ರಲ್ಲಿ ನಗರಸಭೆ ಹೋಗಿ ಮಹಾನಗರ ಪಾಲಿಕೆ ಆಯಿತು.

ಮೊದಲು ಇದು ಚಿತ್ರದುರ್ಗ ಜಿಲ್ಲೆಯ ಒಂದು ತಾಲೂಕು. 1997ರ ಆಗಸ್ಟ್ 15ರಂದು ಬೇರೆ ಜಿಲ್ಲೆಯಾಯಿತು. ಈಗ ಜಿಲ್ಲೆಯಲ್ಲಿ ದಾವಣಗೆರೆ, ಹರಿಹರ, ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ ತಾಲೂಕುಗಳಿವೆ. ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಆದರೆ ಅಲ್ಲಿನವರು ಮದುವೆ ಜವಳಿಗೆ, ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ ಈಗಲೂ ದಾವಣಗೆರೆಗೇ ಬರುತ್ತಾರೆ. ರಾಣೆಬೆನ್ನೂರು, ಹೊಳಲ್ಕೆರೆ ಕಡೆಯವರದ್ದೂ ಇದೇ ಕತೆ. ಹಾಗಾಗಿ ಈ ಊರಿನ ವ್ಯಾಪಾರವನ್ನು ಅಳೆಯಲು ಪಾಲಿಕೆಯ ಗಡಿ ಸಾಲುವುದಿಲ್ಲ.

ಇದು ಹಳೇ ಊರಾ, ಹೊಸದಾ?

ಅರಮನೆ, ಕೋಟೆ ಹುಡುಕಿಕೊಂಡು ಬಂದರೆ ನಿರಾಸೆ ಆಗುತ್ತದೆ. ಇದು ವ್ಯಾಪಾರದಿಂದ ಬೆಳೆದ ಊರು. ಒಂದು ಕಾಲಕ್ಕೆ ಪಕ್ಕದ ಬೇತೂರೇ ದೊಡ್ಡದು. ದಾವಣಗೆರೆ ಅದರ ಮಗ್ಗುಲಲ್ಲಿದ್ದ ಹಳ್ಳಿ. ಹೈದರಾಲಿ ಈ ಊರನ್ನು ಅಪ್ಪೋಜಿ ರಾಮ್ ಎಂಬ ಮರಾಠಾ ಮುಖಂಡನಿಗೆ ಜಹಗೀರಾಗಿ ಕೊಟ್ಟ. ಆತ ವ್ಯಾಪಾರಿಗಳನ್ನು ಕರೆಸಿ ನೆಲೆ ನಿಲ್ಲಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿ ಬಂದು ಇಳಿದು, ತಮಿಳುನಾಡಿನ ವಾಲಾಜಾಪೇಟೆ ಕಡೆಗೆ ಹೋಗುತ್ತಿತ್ತು. ಇಲ್ಲಿನ ಕಂಬಳಿಗೂ ದೂರದೂರಿನಲ್ಲಿ ಹೆಸರಿತ್ತು. ಮಂಡಿಪೇಟೆ, ಚೌಕಿಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಒಮ್ಮೆ ನಡೆದು ನೋಡಿ. ಹಮಾಲರ ತಳ್ಳುಗಾಡಿ, ಮೂಟೆ, ಗದ್ದಿಗೆ ಮೇಲೆ ಕೂತ ಸಾಹುಕಾರರು ಎಲ್ಲ ಸಿಗುತ್ತಾರೆ.

ಇಲ್ಲಿನ ಜನ ಏನು ಮಾಡಿ ಬದುಕುತ್ತಾರೆ?

ಸುತ್ತ ಬೆಳೆದದ್ದನ್ನು ಕೊಳ್ಳುವುದು, ಮಾರುವುದು, ಹಸನು ಮಾಡುವುದು ಇಲ್ಲಿನ ಮೊದಲ ದುಡಿಮೆ. ಮೆಕ್ಕೆಜೋಳ, ಭತ್ತ, ಅಡಿಕೆ ಅದರಲ್ಲಿ ಮುಖ್ಯ. ಎರಡನೆಯದು ಕಾಲೇಜು ಮತ್ತು ಆಸ್ಪತ್ರೆ. ಮೂರನೆಯದು ಜವಳಿ, ಬಂಗಾರ, ಕಿರಾಣಿ, ಯಂತ್ರದ ಬಿಡಿಭಾಗಗಳ ಸಗಟು ವ್ಯಾಪಾರ. ಒಂದು ಕಾಲಕ್ಕೆ ಎಲ್ಲಕ್ಕಿಂತ ಮುಂದಿದ್ದ ಹತ್ತಿ ಮಿಲ್ಲು ಈಗ ಲೆಕ್ಕಕ್ಕೇ ಸಿಗುವುದಿಲ್ಲ.

'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ಕರೆಯುತ್ತಿದ್ದರಲ್ಲ, ಆ ಮಿಲ್ಲುಗಳು ಏನಾದವು?

ಮುಚ್ಚಿದವು. ಈ ಊರಿನ ದೊಡ್ಡ ನೋವು ಅಂದರೆ ಇದೇ.

ಸುತ್ತಲಿನ ಕಪ್ಪು ಎರೆ ನೆಲದಲ್ಲಿ ಆಗ ಹತ್ತಿ ಚೆನ್ನಾಗಿ ಬೆಳೆಯುತ್ತಿತ್ತು. ರೈಲು ಇತ್ತು. ದುಡ್ಡು ಹಾಕುವ ವರ್ತಕ ಮನೆತನಗಳೂ ಇದ್ದವು. ಸ್ವಾತಂತ್ರ್ಯಕ್ಕೆ ಮುಂಚೆಯೇ ದಾವಣಗೆರೆ ಕಾಟನ್ ಮಿಲ್ಸ್ ಶುರುವಾಯಿತು. ಅದರ ಹಿಂದೆಯೇ ಬೇರೆ ಮಿಲ್ಲುಗಳೂ ಬಂದವು. ಮಿಲ್ಲಿನ ಸೈರನ್ ಕೇಳಿ ಊರು ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಮೂರು ಪಾಳಿಯಲ್ಲಿ ಕೆಲಸ. ಮಿಲ್ಲು ಕಾರ್ಮಿಕರ ಸಂಘಟನೆಯೂ ಅಷ್ಟೇ ಗಟ್ಟಿ. ಕಮ್ಯುನಿಸ್ಟ್ ನಾಯಕ ಪಂಪಾಪತಿ ಅವರನ್ನು ಈ ಊರು ಮೂರು ಸಲ ಶಾಸಕರನ್ನಾಗಿ ಗೆಲ್ಲಿಸಿತು: 1978, 1983, 1985. ಕರ್ನಾಟಕದಲ್ಲಿ ಇಂಥದ್ದು ಕಂಡ ಊರುಗಳು ಬಹಳ ಕಡಿಮೆ.

ಆಮೇಲೆ ಒಂದರ ಹಿಂದೆ ಒಂದು ಪೆಟ್ಟು ಬಿತ್ತು. ಯಂತ್ರಗಳು ಹಳೆಯದಾದವು, ಹೊಸದಕ್ಕೆ ಯಾರೂ ದುಡ್ಡು ಹಾಕಲಿಲ್ಲ. ಪವರ್‌ಲೂಮ್ ಬಟ್ಟೆ ಅಗ್ಗಕ್ಕೆ ಬಂತು. ಪಾಲಿಯೆಸ್ಟರ್ ಬಂತು. ಕರೆಂಟ್ ಕೊರತೆ, ಸಾಲದ ಹೊರೆ, ಆಡಳಿತದವರಿಗೂ ಕಾರ್ಮಿಕರಿಗೂ ಜಗಳ. ಶತಮಾನ ಮುಗಿಯುವ ಹೊತ್ತಿಗೆ ಮಿಲ್ಲುಗಳ ಬಾಗಿಲಿಗೆ ಬೀಗ ಬಿದ್ದಿತ್ತು. ಬಾಂಬೆಯ ಮಿಲ್ಲುಗಳ ಬಗ್ಗೆ ರಾಶಿ ಪುಸ್ತಕ ಬಂದವು. ದಾವಣಗೆರೆಯ ಮಿಲ್ಲು ಕಾರ್ಮಿಕರ ಬಗ್ಗೆ ಅದರ ಒಂದು ಪಾಲೂ ಬರೆದಿಲ್ಲ. ಆ ಕಾಲದಲ್ಲಿ ಸ್ಪಿನ್ನಿಂಗ್‌ನಲ್ಲಿ, ನೇಯ್ಗೆಯಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾರಾದರೂ ಕೂತು ಅವರ ಮಾತು ಬರೆದುಕೊಳ್ಳಬೇಕು. ತಡ ಮಾಡಿದರೆ ಕೇಳಲು ಅವರೇ ಇರುವುದಿಲ್ಲ.

ಇವತ್ತು ಆಟೋದವರಿಗೆ 'ಡಿಸಿಎಂ ಟೌನ್‌ಶಿಪ್' ಅಂದರೆ ಸಾಕು, ಕರೆದುಕೊಂಡು ಹೋಗುತ್ತಾರೆ. ಡಿಸಿಎಂ ಅಂದರೆ ದಾವಣಗೆರೆ ಕಾಟನ್ ಮಿಲ್ಸ್. ಅಲ್ಲಿ ಮನೆ ಮಾಡಿರುವ ಎಷ್ಟೋ ಹುಡುಗರಿಗೆ ಇದು ಗೊತ್ತಿಲ್ಲ.

ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯೂ ಮುಚ್ಚಿತಾ?

ಹೌದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಹರಿಹರದ ಲೇತ್ ಇರುತ್ತಿತ್ತು. ಈ ಶತಮಾನದ ಆರಂಭದಲ್ಲಿ ಅದೂ ನಿಂತಿತು. ಹರಿಹರ ಇಲ್ಲಿಂದ 14 ಕಿಲೋಮೀಟರ್ ಅಷ್ಟೇ. ಹಾಗಾಗಿ ಆ ಪೆಟ್ಟು ದಾವಣಗೆರೆಗೂ ಬಿತ್ತು. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಮಾತ್ರ ನಡೆಯುತ್ತಿದೆ. ಅದು ಹಾವೇರಿ ಜಿಲ್ಲೆಗೆ ಸೇರಿದ್ದು.

ಮಿಲ್ಲು ಹೋದಮೇಲೆ ಊರು ಹೇಗೆ ನಿಂತುಕೊಂಡಿತು?

ಮೆಕ್ಕೆಜೋಳದಿಂದ. ಹತ್ತಿ, ಜೋಳ, ಶೇಂಗಾ ಬೆಳೆಯುತ್ತಿದ್ದ ಹೊಲಗಳಿಗೆಲ್ಲ ಮೆಕ್ಕೆಜೋಳ ಬಂತು. ಖರ್ಚು ಕಮ್ಮಿ, ಆಳು ಕಮ್ಮಿ ಸಾಕು, ಮಳೆ ಒಂದಿಷ್ಟು ಹೆಚ್ಚು ಕಡಿಮೆ ಆದರೂ ಕೈಗೆ ಏನಾದರೂ ಸಿಗುತ್ತದೆ. ಕೋಳಿ ಆಹಾರಕ್ಕೆ, ಸ್ಟಾರ್ಚ್‌ಗೆ, ಈಗ ಎಥೆನಾಲ್‌ಗೂ ಬೇಡಿಕೆ ಇದೆ. ಹೀಗೆ ದಾವಣಗೆರೆ 'ಮೆಕ್ಕೆಜೋಳದ ಕಣಜ' ಆಯಿತು.

ಅಕ್ಟೋಬರ್‌ನಿಂದ ಜನವರಿವರೆಗೆ ಎಪಿಎಂಸಿ ಯಾರ್ಡಿಗೆ ಹೋಗಿ ನೋಡಿ. ಕಣ್ಣು ಹಾಯುವಷ್ಟು ದೂರ ಹಳದಿ ರಾಶಿ. ಹೆಂಗಸರು ಕಾಲಲ್ಲಿ ಸಾಲು ಎಳೆಯುತ್ತಾ ಕಾಳು ಒಣಗಿಸುತ್ತಿರುತ್ತಾರೆ. ಖರೀದಿದಾರ ಒಂದು ಹಿಡಿ ತೆಗೆದು ಹಲ್ಲಲ್ಲಿ ಕಡಿದು ನೋಡುತ್ತಾನೆ, ಆಮೇಲೆ ಮೀಟರ್ ಹಚ್ಚಿ ತೇವಾಂಶ ಅಳೆಯುತ್ತಾನೆ. ತೇವ ಜಾಸ್ತಿ ಅಂದರೆ ದರ ಇಳಿಯಿತು ಅಂತಲೇ ಲೆಕ್ಕ. ಆ ಹೊತ್ತಿಗೆ ಸರಿಯಾಗಿ ಒಂದು ಮೋಡ ಬಂದರೆ ಸಾಕು, ಇಡೀ ಯಾರ್ಡು ತಾಡಪಾಲು ಹಿಡಿದು ಓಡುತ್ತದೆ.

ರೈತನ ಕಷ್ಟವೂ ಇಲ್ಲೇ ಇದೆ. ಎಲ್ಲರ ಬೆಳೆ ಒಂದೇ ಸಲ ಬರುತ್ತದೆ. ಒಣಗಿಸಲು ಜಾಗ ಇಲ್ಲ, ಇಟ್ಟುಕೊಳ್ಳಲು ಗೋದಾಮು ಇಲ್ಲ, ಸಾಲ ತೀರಿಸುವ ಗಡುವು ಬೇರೆ. ಬೆಂಬಲ ಬೆಲೆ ಕಾಗದದ ಮೇಲೆ ಇದ್ದರೂ ಸುಗ್ಗಿಯಲ್ಲಿ ಅದಕ್ಕಿಂತ ಕಮ್ಮಿಗೆ ಮಾರುವವರೇ ಜಾಸ್ತಿ. ಇದರ ಮೇಲೆ 2018ರಲ್ಲಿ ಸೈನಿಕ ಹುಳುವಿನ ಹೊಸ ಜಾತಿಯೊಂದು ಕಾಣಿಸಿಕೊಂಡಿತು. ದೇಶದಲ್ಲೇ ಮೊದಲು ಅದು ಕಂಡದ್ದು ಶಿವಮೊಗ್ಗ ಸೀಮೆಯಲ್ಲಿ. ಸುಳಿಯೊಳಗೆ ಕೂತು ತಿನ್ನುವ ಹುಳು ಅದು. ಅಂದಿನಿಂದ ಔಷಧಿ ಖರ್ಚು ಏರಿದ್ದು ಇಳಿದಿಲ್ಲ.

ಭತ್ತದ್ದು ಬೇರೆ ಲೆಕ್ಕ. ಅದು ಭದ್ರಾ ಕಾಲುವೆಯ ಬೆಳೆ. ದಾವಣಗೆರೆ, ಹರಿಹರ ಸುತ್ತಮುತ್ತ ರೈಸ್ ಮಿಲ್ಲುಗಳು ಬಹಳ ಇವೆ. ಚನ್ನಗಿರಿ ಕಡೆ ಅಡಿಕೆ. ಅಲ್ಲಿನ ತುಮ್ಕೋಸ್ ಸಹಕಾರ ಸಂಘ ಅಡಿಕೆ ಬೆಳೆಗಾರರಿಗೆ ದೊಡ್ಡ ಆಸರೆ. ಅಡಿಕೆಗೆ ಬೆಲೆ ಬಂದ ವರ್ಷ ದಾವಣಗೆರೆಯ ಬಂಗಾರದ ಅಂಗಡಿ, ಟ್ರ್ಯಾಕ್ಟರ್ ಶೋರೂಮ್‌ಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಕುಕ್ಕುವಾಡದಲ್ಲಿ ಸಕ್ಕರೆ ಕಾರ್ಖಾನೆಯೂ ಇದೆ.

ಮಂಡಕ್ಕಿ ಭಟ್ಟಿ ಅಂದರೇನು?

ಮಂಡಕ್ಕಿ ಹುರಿಯುವ ಒಲೆ. ಹಳೇ ಊರಿನ ಒಂದು ಭಾಗಕ್ಕೆ ಅದೇ ಹೆಸರು ನಿಂತಿದೆ. ಅಲ್ಲಿ ಓಣಿ ತುಂಬಾ ಭಟ್ಟಿಗಳು. ಭತ್ತ ನೆನೆಸಿ, ಬಿಸಿ ಮಾಡಿ, ಒಣಗಿಸಿ, ಮಿಲ್ಲಿಗೆ ಹಾಕಿ ಹೊಟ್ಟು ತೆಗೆಯುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಹಿಡಿಸಿ ಮತ್ತೆ ಒಣಗಿಸುತ್ತಾರೆ. ಕೊನೆಗೆ ಕಾದ ಮರಳಿರುವ ಬಾಣಲೆಗೆ ಸುರಿದರೆ ಚಟಪಟ ಅಂತ ಕ್ಷಣದಲ್ಲಿ ಅರಳುತ್ತದೆ. ಕೂಡಲೇ ಜರಡಿ ಹಿಡಿದು ಮರಳು ಬೇರೆ ಮಾಡಬೇಕು. ಒಂದು ಗಳಿಗೆ ತಡವಾದರೂ ಸೀಯುತ್ತದೆ. ಇಲ್ಲಿಂದ ಮಂಡಕ್ಕಿ ಚೀಲಗಳು ರಾಜ್ಯದ ಜಾತ್ರೆಗಳಿಗೆಲ್ಲ ಹೋಗುತ್ತವೆ.

ಕೆಲಸ ಮಾಡುವವರು ಹೆಚ್ಚಾಗಿ ಬಡ ಮುಸ್ಲಿಂ ಕುಟುಂಬಗಳು. ಮನೆಮಂದಿಯೆಲ್ಲ ದುಡಿಯುತ್ತಾರೆ. ಬೆಂಕಿಯ ಝಳ, ಹೊಗೆ, ಮಸಿ ಅವರ ಎದೆಗೆ ಹೋಗುತ್ತದೆ. ಹಿಂದೆ ಹಳೇ ಟಯರ್ ಸುಟ್ಟು ಒಲೆ ಉರಿಸಿದ್ದೂ ಉಂಟು. ಈ ಪ್ರದೇಶವನ್ನು ಸುಧಾರಿಸುವುದು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಸೇರಿತ್ತು. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿ ಬಂದಾಗ ಕರ್ನಾಟಕದಿಂದ ಬೆಳಗಾವಿ, ದಾವಣಗೆರೆ ಎರಡೇ ಇದ್ದವು. ರಸ್ತೆ, ಚರಂಡಿ, ಸರ್ಕಲ್‌ಗಳ ಅಂದ ಹೆಚ್ಚಿತು, ನಿಜ. ಆದರೆ ಊರಿಗೆ ಹೆಸರು ತಂದ ಕಸುಬಿನವರಿಗೆ ಹೊಗೆಯಿಲ್ಲದ ಒಲೆ, ಗಾಳಿಯಾಡುವ ಸೂರು ಎಲ್ಲಕ್ಕಿಂತ ಮೊದಲು ಸಿಗಬೇಕಿತ್ತು ಅನ್ನುವುದು ನಮ್ಮ ಅಭಿಪ್ರಾಯ.

ಬೆಣ್ಣೆ ದೋಸೆ ನಿಜಕ್ಕೂ ಇಲ್ಲಿಂದಲೇ ಬಂದದ್ದಾ?

ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಅನ್ನುವವರು 1928ರ ಹೊತ್ತಿಗೆ ಇಲ್ಲಿ ದೋಸೆ ಹಾಕಲು ಶುರು ಮಾಡಿದರು, ಮೊದಲು ರಾಗಿ ದೋಸೆ, ಆಮೇಲೆ ಮಕ್ಕಳ ಕಾಲಕ್ಕೆ ಅಕ್ಕಿ ಹಿಟ್ಟು, ಬೆಣ್ಣೆ ಬಂತು ಅಂತ ಹಿರಿಯರು ಹೇಳುತ್ತಾರೆ. ಹಿಟ್ಟಿಗೆ ಮಂಡಕ್ಕಿ ರುಬ್ಬಿ ಹಾಕುವವರು ಇದ್ದಾರೆ. ಸೌದೆ ಒಲೆ, ದಪ್ಪ ಕಾವಲಿ, ಕೈ ಬಿಚ್ಚಿ ಹಾಕಿದ ಬೆಣ್ಣೆ ಇರಬೇಕು. ಜೊತೆಗೆ ಖಾರ ಕಮ್ಮಿ ಇರುವ ಬಿಳಿ ಚಟ್ನಿ, ಆಲೂಗಡ್ಡೆ ಪಲ್ಯ. ಸಂಜೆಗೆ ಮಿರ್ಚಿ, ಮಂಡಕ್ಕಿ.

ಇದನ್ನು ಬರೀ ತಿಂಡಿ ಅಂತ ನೋಡಬೇಡಿ. ಬೆಂಗಳೂರಿನಲ್ಲಿ 'ದಾವಣಗೆರೆ ಬೆಣ್ಣೆ ದೋಸೆ' ಬೋರ್ಡ್ ಇಲ್ಲದ ಬಡಾವಣೆ ಸಿಗುವುದು ಕಷ್ಟ. ಈ ಹೆಸರನ್ನು ನಂಬಿಕೊಂಡು ಎಷ್ಟೋ ಮನೆಗಳು ನಡೆಯುತ್ತಿವೆ.

ಇಲ್ಲಿ ಬಿಸಿಲು ಬಹಳವಾ?

ಮಾರ್ಚ್‌ನಿಂದ ಮೇವರೆಗೆ ಹೌದು. ಏಪ್ರಿಲ್‌ನಲ್ಲಿ 37-38 ಡಿಗ್ರಿ ಮಾಮೂಲು, ಕೆಲವು ವರ್ಷ ಅದಕ್ಕೂ ಜಾಸ್ತಿ. ಬಳ್ಳಾರಿ, ಕಲಬುರಗಿ ಕಂಡವರಿಗೆ ಇದು ಏನೂ ಅನ್ನಿಸುವುದಿಲ್ಲ. ಬೆಂಗಳೂರಿನಿಂದ ಬಂದವರು ಮೊದಲ ಬೇಸಿಗೆಯಲ್ಲಿ ಒದ್ದಾಡುತ್ತಾರೆ. ಊರು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಸೆಕೆ ಕಮ್ಮಿ. ರಾತ್ರಿ ಹೊತ್ತಿಗೆ ಗಾಳಿ ಬೀಸುತ್ತದೆ. ಮನೆ ಬಾಡಿಗೆಗೆ ಹಿಡಿಯುವಾಗ ಮೇಲಿನ ಮಹಡಿ ಬೇಡ, ತಾರಸಿ ಕಾದು ರಾತ್ರಿಯೆಲ್ಲ ಬಿಸಿ ಬಿಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಚಳಿ ಹಿತವಾಗಿರುತ್ತದೆ.

ಮಳೆ ಹೇಗೆ?

ವರ್ಷಕ್ಕೆ ಸುಮಾರು 600ರಿಂದ 650 ಮಿಲಿಮೀಟರ್. ಜೂನ್, ಜುಲೈನಲ್ಲಿ ಮೋಡ ಕವಿದು ಗಾಳಿ ಬೀಸುತ್ತದೆ, ಜಿಟಿಜಿಟಿ ಹನಿಯುತ್ತದೆ, ಆದರೆ ಸುರಿಯುವುದು ಕಡಿಮೆ. ಪಶ್ಚಿಮಘಟ್ಟದಲ್ಲೇ ಮೋಡ ಬರಿದಾಗಿ ಬರುತ್ತದೆ. ಗುಡುಗು ಸಹಿತ ಜೋರು ಮಳೆ ನೋಡಬೇಕಾದರೆ ಸೆಪ್ಟೆಂಬರ್, ಅಕ್ಟೋಬರ್‌ವರೆಗೆ ಕಾಯಬೇಕು.

ಜಿಲ್ಲೆಯೊಳಗೇ ಎರಡು ಲೋಕ ಇದೆ. ದಕ್ಷಿಣಕ್ಕೆ, ನೈಋತ್ಯಕ್ಕೆ ಚನ್ನಗಿರಿ, ನ್ಯಾಮತಿ ಕಡೆ ಹೋದರೆ ಅಡಿಕೆ ತೋಟ, ಹಸಿರು. ಪೂರ್ವಕ್ಕೆ ಜಗಳೂರಿಗೆ ಹೋದರೆ ಬರದ ನೆಲ, ಒಂದೊಂದು ಬೋರ್‌ವೆಲ್‌ಗೂ ರೈತ ಸಾಲ ಮಾಡುವ ಜಾಗ. ಜಗಳೂರಿನವರು ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ವರ್ಷಗಟ್ಟಲೆ ಕಾದಿದ್ದಾರೆ. ಒಂದೇ ಜಿಲ್ಲೆಯ ಒಂದು ತುದಿಯಲ್ಲಿ ನೀರು ನಿಂತ ಗದ್ದೆ, ಇನ್ನೊಂದು ತುದಿಯಲ್ಲಿ ಟ್ಯಾಂಕರ್ ಹಿಂದೆ ಕೊಡ. ಇದನ್ನು ನೋಡಿ ಸುಮ್ನೆ ಇರಲಾಗುವುದಿಲ್ಲ.

ಭದ್ರಾ ಕಾಲುವೆ ಬಗ್ಗೆ ಇಲ್ಲಿನವರು ಯಾಕೆ ಇಷ್ಟು ಮಾತಾಡುತ್ತಾರೆ?

ಊರಿನ ಕೈಲಿ ಕಾಸು ಓಡಾಡುವುದು ಅದರಿಂದ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಗರಿಷ್ಠ ಮಟ್ಟ 186 ಅಡಿ, ಸಂಗ್ರಹ 71.5 ಟಿಎಂಸಿ. ಜುಲೈ ಬಂತೆಂದರೆ ದಾವಣಗೆರೆಯ ಪೇಪರ್‌ಗಳಲ್ಲಿ ದಿನಾ ಈ ಅಂಕಿ ಹುಡುಕುತ್ತಾರೆ. ಕಿರಾಣಿ ಅಂಗಡಿಯವರೂ ಕೇಳುತ್ತಾರೆ: "ಇವತ್ತು ಡ್ಯಾಮ್ ಎಷ್ಟು ಅಡಿ ಆತ್ರಿ?" 186 ಹತ್ತಿರ ಬಂದರೆ ಎರಡು ಬೆಳೆ ಭತ್ತ. ಬಾರದಿದ್ದರೆ ಅಂಗಡಿಯವರಿಗೂ ಆ ವರ್ಷ ಬಿಕೋ.

ಕಾಲುವೆಯ ತುದಿಯಲ್ಲಿರುವುದು ದಾವಣಗೆರೆ, ಹರಿಹರ ಕಡೆಯ ಹಳ್ಳಿಗಳು. ಮೇಲಿನವರು ಅಕ್ರಮ ಪಂಪ್‌ಸೆಟ್ ಇಟ್ಟು ಎತ್ತಿಕೊಂಡರೆ ಕೊನೆಯವರಿಗೆ ಕೆಸರು ಮಾತ್ರ. ನೀರು ಕಮ್ಮಿ ಇದ್ದಾಗ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ 'ಆನ್ ಅಂಡ್ ಆಫ್' ಪದ್ಧತಿ ತರುತ್ತಾರೆ. ಆಗ ಜಗಳ ಶುರು. 2023ರ ಬರದಲ್ಲಿ ನಾಟಿ ಮಾಡಿ ಕೂತ ರೈತರು ನೀರಿಗಾಗಿ ಬೀದಿಗೆ ಇಳಿದರು. ತುದಿಯ ರೈತ ಕೇಳುವುದು ಹೆಚ್ಚೇನಲ್ಲ. ಅವನ ಪಾಲಿನ ನೀರು, ಹೇಳಿದ ದಿನಕ್ಕೆ.

ಕುಡಿಯುವ ನೀರಿಗೆ ತೊಂದರೆ ಇದೆಯಾ?

ನಗರಕ್ಕೆ ತುಂಗಭದ್ರಾ ನದಿಯಿಂದ ಮತ್ತು ಭದ್ರಾ ಕಾಲುವೆಯಿಂದ ನೀರು ಬರುತ್ತದೆ. ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳಲ್ಲಿ ತುಂಬಿಸಿಟ್ಟು ಶುದ್ಧ ಮಾಡಿ ಬಿಡುತ್ತಾರೆ. ನಲ್ಲಿ ನೀರು ದಿನಾ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ಬಡಾವಣೆಗೊಂದು ಸರದಿ ಇರುತ್ತದೆ. ಮನೆ ನೋಡುವಾಗ ನೆಲದ ತೊಟ್ಟಿ ಎಷ್ಟು ದೊಡ್ಡದು, ಬೋರ್ ಇದೆಯಾ ಅಂತ ಮೊದಲು ಕೇಳಿ. ಕುಂದವಾಡ ಕೆರೆ ಏರಿ ಮೇಲೆ ಬೆಳಗಿನ ವಾಕಿಂಗ್ ಬಹಳ ಚೆನ್ನ, ಹಕ್ಕಿಗಳೂ ಬರುತ್ತವೆ.

ಇಷ್ಟೊಂದು ಕಾಲೇಜು ಇಲ್ಲಿಗೆ ಹೇಗೆ ಬಂದವು?

ವರ್ತಕರ ದುಡ್ಡು, ಮಠಗಳ ಬೆಂಬಲ, ಊರಿನವರ ಹಟ. ಹತ್ತಿ, ಎಣ್ಣೆ, ಧಾನ್ಯದಲ್ಲಿ ಗಳಿಸಿದ ಮನೆತನಗಳು ಶಾಲೆ, ಆಸ್ಪತ್ರೆ, ಛತ್ರಕ್ಕೆ ಕೈಬಿಚ್ಚಿ ಕೊಟ್ಟವು. ಜಿಲ್ಲಾಸ್ಪತ್ರೆಗೆ ಚಿಗಟೇರಿ ಮನೆತನದ ಹೆಸರಿದೆ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರಿದೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು. ಶಾಮನೂರು ಶಿವಶಂಕರಪ್ಪನವರ ಕಾಲದಲ್ಲಿ ಅದು ಹತ್ತಾರು ಕಾಲೇಜುಗಳ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ಮಿಲ್ಲುಗಳ ಬಾಗಿಲು ಮುಚ್ಚುತ್ತಿದ್ದ ಹೊತ್ತಿಗೇ ಕಾಲೇಜುಗಳ ಸುತ್ತ ಹೊಸ ಊರು ಎದ್ದಿತು. ಹದಡಿ ರಸ್ತೆ, ವಿದ್ಯಾನಗರ, ಡೆಂಟಲ್ ಕಾಲೇಜ್ ರಸ್ತೆ ನೋಡಿದರೆ ತಿಳಿಯುತ್ತದೆ: ಪಿಜಿ, ಮೆಸ್, ಜೆರಾಕ್ಸ್, ಜ್ಯೂಸ್ ಅಂಗಡಿ.

ಎಂಜಿನಿಯರಿಂಗ್‌ಗೆ ಯಾವ ಕಾಲೇಜುಗಳಿವೆ?

ಎಲ್ಲಕ್ಕಿಂತ ಹಳೆಯದು 1951ರಲ್ಲಿ ಶುರುವಾದ ಯುಬಿಡಿಟಿ, ಅಂದರೆ ಮೇಲೆ ಹೇಳಿದ ತವನಪ್ಪನವರ ಹೆಸರಿನ ಸರ್ಕಾರಿ ಕಾಲೇಜು. ಮೈಸೂರು, ಕುವೆಂಪು ವಿಶ್ವವಿದ್ಯಾಲಯಗಳ ಕೈಯಲ್ಲಿದ್ದು ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲಿದೆ. ಹಳ್ಳಿ ಮಕ್ಕಳು ಕಮ್ಮಿ ಶುಲ್ಕದಲ್ಲಿ ಎಂಜಿನಿಯರ್ ಆಗಿ ಹೊರಬಂದದ್ದು ಇಲ್ಲಿಂದ. ಇಲ್ಲಿ ಅರ್ಧ ಸೀಟುಗಳಿಗೆ ಹೆಚ್ಚಿನ ಶುಲ್ಕ ಇಟ್ಟದ್ದರ ವಿರುದ್ಧ 2024ರಲ್ಲಿ ವಿದ್ಯಾರ್ಥಿಗಳು ಹೋರಾಟ ಮಾಡಿದರು. ಅವರ ಮಾತಲ್ಲಿ ನ್ಯಾಯ ಇತ್ತು. ಸರ್ಕಾರಿ ಕಾಲೇಜಿನ ಸೀಟು ಬಡವರ ಮಕ್ಕಳ ಕೈಗೆ ಎಟುಕಬೇಕು.

ಖಾಸಗಿಯಲ್ಲಿ ಬಾಪೂಜಿ ಸಂಸ್ಥೆಯ, 1979ರ ಬಿಐಇಟಿ ದೊಡ್ಡದು. ಜಿಎಂಐಟಿ, ಜೈನ್ ತಾಂತ್ರಿಕ ಕಾಲೇಜು ಆಮೇಲೆ ಬಂದವು. ಜಿಎಂ ಈಗ ಖಾಸಗಿ ವಿಶ್ವವಿದ್ಯಾಲಯವೂ ಆಗಿದೆ. ಸಿಇಟಿ ಆಯ್ಕೆ ತುಂಬುವ ಮೊದಲು ಕಾಲೇಜಿಗೆ ಒಂದು ದಿನ ಬಂದು ಲ್ಯಾಬ್ ನೋಡಿ, ಮೂರನೇ ವರ್ಷದ ಹುಡುಗರನ್ನು ಮಾತಾಡಿಸಿ.

ಮೆಡಿಕಲ್ ಓದು? ಆಸ್ಪತ್ರೆ?

ಜೆಜೆಎಂ ಮೆಡಿಕಲ್ ಕಾಲೇಜು 1965ರಿಂದ ಇದೆ. ಬಾಪೂಜಿ ಡೆಂಟಲ್ ಕಾಲೇಜು 1979ರದ್ದು. ಎಸ್‌ಎಸ್ ಮೆಡಿಕಲ್ ಕಾಲೇಜು 2006ರಲ್ಲಿ ಬಂತು. ಹೀಗಾಗಿ ಚಿತ್ರದುರ್ಗ, ಹಾವೇರಿ, ವಿಜಯನಗರ ಜಿಲ್ಲೆಗಳ ಕಾಯಿಲೆಯವರೆಲ್ಲ ಇಲ್ಲಿಗೇ ಬರುತ್ತಾರೆ. ಬೆಳಿಗ್ಗೆ ಬಸ್ ಇಳಿಯುವವರಲ್ಲಿ ಎಷ್ಟೋ ಜನರ ಕೈಯಲ್ಲಿ ಎಕ್ಸ್‌ರೇ ಕವರ್ ಇರುತ್ತದೆ.

ಬೇರೆ ಓದು ಏನಿದೆ?

ದಾವಣಗೆರೆ ವಿಶ್ವವಿದ್ಯಾಲಯ 2009ರಲ್ಲಿ ಆಯಿತು. ಮೊದಲು ಅದು ಮೈಸೂರು ವಿವಿಯ, ಆಮೇಲೆ ಕುವೆಂಪು ವಿವಿಯ ಸ್ನಾತಕೋತ್ತರ ಕೇಂದ್ರವಾಗಿತ್ತು. ಊರ ಹೊರಗೆ ತೋಳಹುಣಸೆಯಲ್ಲಿ ಅದರ ಶಿವಗಂಗೋತ್ರಿ ಆವರಣ ಇದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಡಿಗ್ರಿ ಕಾಲೇಜುಗಳು ಇದರ ಅಡಿಯಲ್ಲಿವೆ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಮುತ್ತು ಇಲ್ಲಿದೆ: 1964ರಿಂದ ನಡೆಯುತ್ತಿರುವ ದೃಶ್ಯಕಲಾ ಕಾಲೇಜು. ಚಿತ್ರ, ಶಿಲ್ಪ ಕಲಿಯುವ ಆಸೆ ಇರುವ ಮಕ್ಕಳು ಬೆಂಗಳೂರಿಗೇ ಹೋಗಬೇಕಾಗಿಲ್ಲ. ಕೃಷಿಕರಿಗೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಚನ್ನಗಿರಿ ತಾಲೂಕಿನ ಕತ್ತಲಗೆರೆಯ ಸಂಶೋಧನಾ ಕೇಂದ್ರ ಇವೆ.

ಪಿಯು ವಿಜ್ಞಾನಕ್ಕೆ ಸುತ್ತಲ ಜಿಲ್ಲೆಗಳಿಂದ ಮಕ್ಕಳು ಬಂದು ಹಾಸ್ಟೆಲ್‌ನಲ್ಲಿ ಇರುತ್ತಾರೆ. ಕಾಲೇಜು, ಕೋಚಿಂಗ್, ಮತ್ತೆ ಓದು. ನೀಟ್ ಒತ್ತಡ ಬಹಳ. ಸೇರಿಸುವ ಅಪ್ಪ ಅಮ್ಮ ಫಲಿತಾಂಶದ ಫ್ಲೆಕ್ಸ್ ನೋಡಿ ತೀರ್ಮಾನ ಮಾಡಬೇಡಿ. ಮಗು ದಿನಕ್ಕೆ ಎಷ್ಟು ಹೊತ್ತು ಮಲಗುತ್ತದೆ, ಊಟ ಹೇಗಿದೆ, ಆಡಲು ಬಿಡುತ್ತಾರಾ ಅಂತ ಕೇಳಿ.

ಓದಿದ ಮೇಲೆ ಇಲ್ಲೇ ಕೆಲಸ ಸಿಗುತ್ತದಾ?

ಡಾಕ್ಟರ್, ನರ್ಸ್, ಮೇಷ್ಟ್ರು, ಅಕೌಂಟ್ಸ್ ಕೆಲಸದವರಿಗೆ ಸಿಗುತ್ತದೆ. ಎಂಜಿನಿಯರ್‌ಗಳಿಗೆ ಕಷ್ಟ. ಕರೂರು ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಘಟಕಗಳಿವೆ, ಆದರೆ ವರ್ಷಾ ವರ್ಷಾ ಹೊರಬರುವ ಮಕ್ಕಳಿಗೆ ಅವು ಸಾಲುವುದಿಲ್ಲ. ಸಾಫ್ಟ್‌ವೇರ್ ಕೆಲಸ ಇನ್ನೂ ಅಂಬೆಗಾಲಿನಲ್ಲಿದೆ. ಭಾನುವಾರ ರಾತ್ರಿ ಬೆಂಗಳೂರು ಬಸ್‌ಗಳಲ್ಲಿ ಸೀಟು ಸಿಗದಿರುವುದು ಇದೇ ಕಾರಣಕ್ಕೆ.

ಇದು ಬದಲಾಗಲು ದೊಡ್ಡ ಕಂಪನಿಯೊಂದು ಬರಲಿ ಅಂತ ಕಾಯುತ್ತಾ ಕೂರಬೇಕಿಲ್ಲ ಅನ್ನುವುದು ನಮ್ಮ ನಂಬಿಕೆ. ಇಲ್ಲಿ ರಾಶಿ ಬೀಳುವ ಮೆಕ್ಕೆಜೋಳ ಬಹುಪಾಲು ಕಾಳಾಗಿಯೇ ಲಾರಿ ಹತ್ತುತ್ತದೆ. ಅದನ್ನು ಒಣಗಿಸುವ, ಒಡೆಯುವ, ಬೇರೆ ಪದಾರ್ಥ ಮಾಡುವ ಕೆಲಸ ಇಲ್ಲೇ ಹೆಚ್ಚಾದರೆ ರೈತನಿಗೂ ದರ, ಎಂಜಿನಿಯರ್‌ಗೂ ಕೆಲಸ. ಹಿಂದೆ ಹತ್ತಿಯನ್ನು ನೂಲಾಗಿ, ಬಟ್ಟೆಯಾಗಿ ಮಾಡಿ ಕಳಿಸಿದ ಊರು ಇದು. ಆ ಬುದ್ಧಿ, ಆ ಬಂಡವಾಳ ಇನ್ನೂ ಇಲ್ಲಿದೆ.

ಖರ್ಚು ಹೇಗೆ? ಭಾಷೆ?

ಬಾಡಿಗೆ, ತರಕಾರಿ, ಹೋಟೆಲ್ ಊಟ ಎಲ್ಲ ಬೆಂಗಳೂರಿಗಿಂತ ಅಗ್ಗ. ನಿವೇಶನದ ದರ ಮಾತ್ರ ಅಷ್ಟು ಅಗ್ಗ ಇಲ್ಲ, ಅಡಿಕೆ ದುಡ್ಡು ಅದರಲ್ಲಿ ಕೂತಿದೆ. ಮಾತು ಕನ್ನಡ, ಹಳೇ ಊರಿನಲ್ಲಿ ಉರ್ದುವೂ ಜಾಸ್ತಿ. ಉತ್ತರದ 'ಬರ್ರಿ, ಹೋಗ್ರಿ', ದಕ್ಷಿಣದ 'ಬನ್ನಿ, ಹೋಗಿ' ಎರಡೂ ಒಂದೇ ಮನೆಯಲ್ಲಿ ಕೇಳಿಸುತ್ತವೆ. ಎರಡೂ ಕಡೆಯವರಿಗೆ ಇಲ್ಲಿ ಪರಕೀಯ ಅನ್ನಿಸುವುದಿಲ್ಲ.

ಓಡಾಟಕ್ಕೆ ಏನಿದೆ?

ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದ ಮೇಲೆ ಊರಿದೆ. 2023ರಲ್ಲಿ ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಇಲ್ಲಿ ನಿಲ್ಲುತ್ತದೆ. ಚಿತ್ರದುರ್ಗದ ಮೇಲೆ ತುಮಕೂರಿಗೆ ನೇರ ಮಾರ್ಗ ಮುಗಿದರೆ ಬೆಂಗಳೂರು ಇನ್ನೂ ಹತ್ತಿರ ಆಗುತ್ತದೆ. ವಿಮಾನ ನಿಲ್ದಾಣ ಇಲ್ಲ, ಶಿವಮೊಗ್ಗ ಅಥವಾ ಹುಬ್ಬಳ್ಳಿಗೆ ಹೋಗಬೇಕು. ಊರೊಳಗೆ ಆಟೋ, ಸಿಟಿ ಬಸ್ ಸಾಕಾಗುತ್ತದೆ. ರೈಲು ಹಳಿ ಊರನ್ನು ಎರಡು ಮಾಡಿದೆ. ಹಳಿ ದಾಟುವ ಕಡೆ ಸಂಜೆ ಹೊತ್ತು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ.

ಮನೆ ಬದಲಾಯಿಸಲು ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ ನಡುವೆ ಹವೆ ಚೆನ್ನ. ಆದರೆ ಬಾಡಿಗೆ ಮನೆ ಜಾಸ್ತಿ ಖಾಲಿಯಾಗುವುದು ಮೇ, ಜೂನ್‌ನಲ್ಲಿ, ಕಾಲೇಜಿನ ವರ್ಷ ಬದಲಾಗುವಾಗ. ಎರಡು ವರ್ಷಕ್ಕೊಮ್ಮೆ ಬೇಸಿಗೆಯ ಬಾಗಿಲಿಗೆ ಊರದೇವತೆ ದುಗ್ಗಮ್ಮನ ಜಾತ್ರೆ ಇರುತ್ತದೆ. ಆ ವಾರ ಹಳೇ ಊರಿನೊಳಗೆ ಸಾಮಾನಿನ ಲಾರಿ ನುಗ್ಗುವುದಿಲ್ಲ. ಜಾತ್ರೆ ಮುಗಿಸಿಕೊಂಡು ಮನೆ ತುಂಬಿ, ಅಷ್ಟರಲ್ಲಿ ಅಕ್ಕಪಕ್ಕದ ನಾಲ್ಕು ಮನೆಯವರ ಪರಿಚಯವೂ ಆಗಿರುತ್ತದೆ.